ರಕ್ತ ಒಯ್ದವರು ತಿರುಗಿ ಬರಲಿಲ್ಲ

ಕಳೆದ ಮಾರ್ಚಿನಲ್ಲಿ ನಮ್ಮ ಕಾಲೇಜಿನ ಕೊನೆಯ ವರ್ಷದ ಹುಡುಗಿಯೊಬ್ಬಳು ತನ್ನ ಪ್ರಾಜೆಕ್ಟ್ ರಿಪೋರ್ಟ್ ತಂದು ಟೇಬಲ್ ಮೇಲಿಟ್ಟಳು. ಹಾಸ್ಟೆಲಿನ ಅರವತ್ತು ಹುಡುಗಿಯರ ಹಿಮೋಗ್ಲೋಬಿನ್ ನೋಡಿ, ಅವರು ಏನು ಉಣ್ಣುತ್ತಾರೆ, ದಿನಕ್ಕೆ ಎಷ್ಟು ಸಲ ಚಹಾ ಕುಡಿಯುತ್ತಾರೆ ಅಂತ ಕೇಳಿ ಬರೆದಿದ್ದಳು. ಅಚ್ಚುಕಟ್ಟಾದ ಕೆಲಸ. ಅವಳಿಗೆ ಒಳ್ಳೆಯ ಅಂಕವೂ ಬಂತು. ಸಹಿ ಹಾಕುತ್ತಾ ಕೇಳಿದೆ, "ಇದನ್ನ ಆ ಹುಡುಗಿಯರಿಗೆ ಹೇಳಿದ್ಯಾ?" ಅವಳು ಒಂದು ಕ್ಷಣ ಸುಮ್ಮನೆ ನಿಂತಳು. "ಹೇಳಬೇಕಾ ಮೇಡಂ? ವೈವಾ ಮುಗೀತಲ್ಲ" ಅಂದಳು. ಅವಳ ಮಾತಿನಲ್ಲಿ ಉಡಾಫೆ ಇರಲಿಲ್ಲ. ಹೇಳಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನಾನೂ ಹೇಳಿರಲಿಲ್ಲ. ರಿಪೋರ್ಟಿನ ಮೊದಲ ಪುಟದಲ್ಲಿ ಮಾರ್ಗದರ್ಶಕರು ಅಂತ ನನ್ನ ಹೆಸರೇ ಇತ್ತು.

ಅವತ್ತು ಸಂಜೆ ಬಾಗಲಕೋಟೆಯ ನವನಗರದಿಂದ ಮನೆಗೆ ನಡೆದು ಬರುವಾಗ ಬೀಳಗಿ ತಾಲೂಕಿನ ಒಂದು ಅಂಗಳ ನೆನಪಾಯಿತು. ಅಲ್ಲಿ ಕೇಳಿಸಿಕೊಂಡ ಒಂದು ಮಾತನ್ನು ಹನ್ನೆರಡು ವರ್ಷದಿಂದ ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಅದನ್ನು ಇಲ್ಲಿ ಬರೆದುಬಿಡುತ್ತೇನೆ.

ಹೆಬ್ಬೆಟ್ಟು

ಎಂಎಸ್ಸಿ ಮುಗಿಸಿ, ಮುಂದೇನು ಅಂತ ಗೊತ್ತಾಗದೆ ಕುಳಿತಿದ್ದ ಕಾಲ ಅದು. ಒಬ್ಬ ಮೇಡಂ ತಮ್ಮ ಪಿಎಚ್‌ಡಿಗಾಗಿ ಗರ್ಭಿಣಿಯರ ರಕ್ತಹೀನತೆ ಬಗ್ಗೆ ಕೆಲಸ ಮಾಡುತ್ತಿದ್ದರು. ಹಳ್ಳಿ ತಿರುಗಿ ಫಾರ್ಮ್ ತುಂಬುವುದಕ್ಕೆ ಅವರಿಗೆ ಒಬ್ಬರು ಬೇಕಿತ್ತು. ನಾನು ಸೇರಿಕೊಂಡೆ. ನನ್ನ ಪಾಲಿಗೆ ಬಂದ ಊರುಗಳಲ್ಲಿ ಜಾಸ್ತಿಯವು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ದಂಡೆಯ ಪುನರ್ವಸತಿ ಕೇಂದ್ರಗಳು. ನೇರ ರಸ್ತೆ, ಒಂದೇ ಅಳತೆಯ ಪ್ಲಾಟು, ಇನ್ನೂ ದೊಡ್ಡದಾಗಬೇಕಿದ್ದ ಬೇವಿನ ಗಿಡ. ಆ ಊರಿನ ಆಶಾ ಕಾರ್ಯಕರ್ತೆ ಮುಂದೆ, ಐಸ್ ಪ್ಯಾಕ್ ಹಾಕಿದ ಡಬ್ಬಿ ಹಿಡಿದು ನಾನು ಹಿಂದೆ, ರಕ್ತ ತೆಗೆಯುವ ಟೆಕ್ನಿಶಿಯನ್ ಅಣ್ಣ ಬೈಕಿನಲ್ಲಿ. ದಿನಕ್ಕೆ ಏಳೆಂಟು ಮನೆ.

ಆ ಮನೆಯ ಅಂಗಳದಲ್ಲಿ ಒಬ್ಬ ಆಯಿ ಸಜ್ಜೆ ಹಸನು ಮಾಡುತ್ತಾ ಕುಳಿತಿದ್ದಳು. ಸೊಸೆಗೆ ಆರು ತಿಂಗಳು. ಆಶಾ ಅಕ್ಕ ವಿಷಯ ಹೇಳಿದಳು. ಆಯಿ ಮೊರ ಕೆಳಗಿಟ್ಟು ನನ್ನ ಕೈಯಲ್ಲಿದ್ದ ಸ್ಟ್ಯಾಂಪ್ ಪ್ಯಾಡನ್ನೇ ನೋಡಿದಳು. "ಹೆಬ್ಬೆಟ್ಟು ಒತ್ತಬೇಕನ?" ಅಂದಳು. ನಿಮ್ಮ ಸೊಸೆಗೆ ಓದು ಬಂದರೆ ಸಹಿ ಸಾಕು, ಇಲ್ಲಾಂದರೆ ಹೆಬ್ಬೆಟ್ಟು, ಪಕ್ಕದಲ್ಲಿ ಓದು ಬಂದ ಒಬ್ಬರು ಸಾಕ್ಷಿ ಇರಬೇಕು, ಅಂತ ನಾನು ನಿಯಮ ಹೇಳಿದೆ. ಆಕೆ ಕೇಳಿಸಿಕೊಳ್ಳಲಿಲ್ಲ. "ಹಿಂದ ಒಮ್ಮೆ ಹಿಂಗ ಬಂದಿದ್ರು. ಮನಿ ಅಳದ್ರು, ಗ್ವಾಡಿಗೆ ನಂಬರ್ ಬರದ್ರು, ಬೇವಿನ ಗಿಡ ಎಷ್ಟು, ಹುಣಸಿ ಗಿಡ ಎಷ್ಟು ಅಂತ ಎಣಿಸಿದ್ರು. ನಮ್ಮ ಮಾವ ಹೆಬ್ಬೆಟ್ಟು ಒತ್ತಿದ. ಆಮ್ಯಾಲ ನೀರು ಬಂತು."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಕನ್ಸೆಂಟ್ ಫಾರ್ಮಿನ, ಅಂದರೆ ಒಪ್ಪಿಗೆ ಪತ್ರದ, ಮೊದಲ ಸಾಲಿನಲ್ಲೇ 'ಸರ್ವೆ' ಅನ್ನುವ ಪದ ಇತ್ತು. ನಮಗೆ ಅದು ಕೆಲಸದ ಪದ. ಆ ಊರಿಗೆ ಅದು ಮನೆ ಮುಳುಗಿದ ಪದ. ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಯಿ ಇನ್ನೂ ಒಂದು ಮಾತು ಹೇಳಿದಳು. ನಾನು ಹೊತ್ತು ತಿರುಗುತ್ತಿರುವುದು ಆ ಮಾತನ್ನು. "ಹೋದ ವರ್ಷನೂ ಯಾರೋ ಬಂದು ರಕ್ತ ಒಯ್ದಾರ ತಂಗಿ. ಏನಾತು ಅಂತ ಒಬ್ಬರೂ ಬಂದು ಹೇಳಲಿಲ್ಲ. ಮೈಯಾಗ ರಕ್ತ ಇಲ್ಲ ಅಂತೀರಿ, ಮತ್ತ ಇದ್ದದ್ದನ್ನೂ ಒಯ್ತೀರಿ."

"ನಾವು ಹೇಳ್ತೀವಿ ಆಯಿ" ಅಂದೆ. ಯೋಚನೆ ಮಾಡದೆ ಬಾಯಿಗೆ ಬಂದ ಮಾತು. ಅಷ್ಟರಲ್ಲಿ ಸೊಸೆಯೇ ಒಳಗಿನಿಂದ ಬಂದು, ತಾನು ಏಳನೇ ತರಗತಿ ಓದಿದ್ದೇನೆ ಅಂತ ಹೇಳಿ ಫಾರ್ಮನ್ನು ಕೈಗೆ ತೆಗೆದುಕೊಂಡಳು. ಮೂರು ಪುಟವನ್ನೂ ಬೆರಳಿಟ್ಟು ಓದಿದಳು. ಆಮೇಲೆ ಸಹಿ ಮಾಡಿದಳು. ಸಾಕ್ಷಿಯ ಜಾಗ ಖಾಲಿ ಬಿಡಬಹುದಿತ್ತು. ಆಯಿಯೇ ತಾನಾಗಿ ಸ್ಟ್ಯಾಂಪ್ ಪ್ಯಾಡ್ ಎಳೆದುಕೊಂಡು ಅಲ್ಲಿ ಹೆಬ್ಬೆಟ್ಟು ಒತ್ತಿದಳು. ನಿಯಮದ ಪ್ರಕಾರ ಆ ಹೆಬ್ಬೆಟ್ಟಿಗೆ ಬೆಲೆ ಇರಲಿಲ್ಲ. ನಾನು ಬೇಡ ಅನ್ನಲಿಲ್ಲ.

ಹಗೇವಿನ ಕಾಳು

ಆ ಫಾರ್ಮಿನ ಕನ್ನಡದ ಬಗ್ಗೆ ಒಂದಿಷ್ಟು ಹೇಳಬೇಕು. ಇಂಥ ಫಾರ್ಮುಗಳು ಮೊದಲು ಇಂಗ್ಲಿಷಿನಲ್ಲಿ ಹುಟ್ಟುತ್ತವೆ. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಮಾಡುತ್ತಾರೆ. ಎರಡೂ ಇಂಗ್ಲಿಷ್ ಹೊಂದಿದರೆ, ಸಂಶೋಧನೆಯಲ್ಲಿ ಯಾರಿಗೂ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡುತ್ತದೆ. ನಮ್ಮದೂ ಹಾಗೆಯೇ ಪಾಸಾಗಿತ್ತು. 'ಗೌಪ್ಯತೆ', 'ಸ್ವಯಂಪ್ರೇರಿತ ಭಾಗವಹಿಸುವಿಕೆ', 'ರಕ್ತದ ಮಾದರಿ', ಎಲ್ಲ ಶುದ್ಧ ಕನ್ನಡ. ಬೀಳಗಿಯ ಅಂಗಳದಲ್ಲಿ ನಿಂತು ಓದಿದರೆ ಒಂದೂ ತಲುಪುತ್ತಿರಲಿಲ್ಲ. ಎರಡು ಮನೆ ನೋಡಿದ ಮೇಲೆ ಆಶಾ ಅಕ್ಕ ನನ್ನ ಕೈಯಿಂದ ಫಾರ್ಮ್ ತೆಗೆದುಕೊಂಡು ತನ್ನ ಮಾತಿನಲ್ಲಿ ಹೇಳತೊಡಗಿದಳು. ಗೌಪ್ಯತೆ ಅಂದರೆ, "ನಿನ್ನ ಹೆಸರು ಯಾರ ಮುಂದೂ ತೆಗಿಯೂದಿಲ್ಲ, ನಿಮ್ಮ ಅತ್ತಿ ಮುಂದೂ." ಸ್ವಯಂಪ್ರೇರಿತ ಅಂದರೆ, "ಒಲ್ಲೆ ಅಂದ್ರ ಒಲ್ಲೆ. ಯಾರೂ ಸಿಟ್ಟಾಗೂದಿಲ್ಲ. ಒಲ್ಲೆ ಅಂದಿ ಅಂತ ಗುಳಗಿ ಕೊಡೂದೇನು ನಾ ಬಿಡೂದಿಲ್ಲ." ಇದಕ್ಕಿಂತ ಒಳ್ಳೆಯ ಅನುವಾದವನ್ನು ನಾನು ಇದುವರೆಗೂ ನೋಡಿಲ್ಲ. ಕೊನೆಯ ಸಾಲು ನಮ್ಮ ಫಾರ್ಮಿನಲ್ಲೂ ಇತ್ತು. ಆದರೆ ಅದು ಹೀಗೆ ಯಾರ ಮನಸ್ಸಿನ ಹೆದರಿಕೆಯನ್ನೂ ಮುಟ್ಟುತ್ತಿರಲಿಲ್ಲ.

ನಾವು ನೋಡುತ್ತಿದ್ದದ್ದು ಎರಡು. ಒಂದು, ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್. ಮೊದಲ ಹನಿಯನ್ನು ಒರೆಸಿ, ಆಮೇಲಿನ ಹನಿಯನ್ನು ಚಿಕ್ಕ ಪ್ಲಾಸ್ಟಿಕ್ ಕ್ಯುವೆಟ್ಟಿಗೆ ಹಿಡಿದು ಹಿಮೋಕ್ಯೂ ಮಷೀನಿನಲ್ಲಿ ಇಟ್ಟರೆ ಒಂದು ನಿಮಿಷದೊಳಗೆ ಅಂಕಿ ಬರುತ್ತದೆ. ಗರ್ಭಿಣಿಗೆ 11 ಇರಬೇಕು. 7ಕ್ಕಿಂತ ಕಡಿಮೆ ಬಂದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಆ ಸೊಸೆಗೆ 9.4 ಬಂತು. ಇದನ್ನು ಅಲ್ಲೇ ಹೇಳಿ ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟೆವು. ಎರಡನೆಯದು ತೋಳಿನಿಂದ ತೆಗೆಯುವ 5 ಎಂಎಲ್ ರಕ್ತ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ನೋಡುವುದಕ್ಕೆ. ಅದು ಡಬ್ಬಿಯಲ್ಲಿ ಕೂತು ಲ್ಯಾಬಿಗೆ ಹೋಗಬೇಕು. ಐದು ಎಂಎಲ್ ಅಂದರೆ ಒಂದು ಚಹಾ ಚಮಚೆ. ಊರಿನ ಮಾತಿನಲ್ಲಿ ಮಾತ್ರ ಅದು ಬೇಗ 'ಬಾಟ್ಲಿ' ಆಗುತ್ತಿತ್ತು.

ಎರಡೆರಡು ಸಲ ಯಾಕೆ ಚುಚ್ಚಬೇಕು ಅಂತ ಎಲ್ಲ ಮನೆಯಲ್ಲೂ ಕೇಳುತ್ತಿದ್ದರು. ನಾನು ಕಬ್ಬಿಣಾಂಶದ ಸಂಗ್ರಹ ಅಂತೆಲ್ಲ ಶುರು ಮಾಡುತ್ತಿದ್ದೆ. ಒಂದು ದಿನ ಆಶಾ ಅಕ್ಕ ಅಂದಳು, "ಹಗೇವು ಇದ್ದಂಗ ಅನ್ರಿ." ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ. ಅದನ್ನು ಬಲ್ಲವರಿಗೆ ಅಷ್ಟೇ ಸಾಕು. ಬೆರಳಿನ ರಕ್ತದಲ್ಲಿ ಕಾಣುವುದು ಇವತ್ತು ಅಡುಗೆಮನೆಯ ಡಬ್ಬಿಯಲ್ಲಿ ಇರುವ ಜೋಳ. ತೋಳಿನ ರಕ್ತದಲ್ಲಿ ಕಾಣುವುದು ನೆಲದೊಳಗಿನ ಹಗೇವಿನಲ್ಲಿ ಉಳಿದಿರುವ ಜೋಳ. ಡಬ್ಬಿ ತುಂಬಿರುತ್ತದೆ, ಹಗೇವು ಬರಿದಾಗಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ತಾಯಿಯ ಮೈಯ ರಕ್ತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ನೀರಿನ ಭಾಗ ಬೇಗ ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಬೇಗ ಹೆಚ್ಚುವುದಿಲ್ಲ. ಆ ಹೊತ್ತಿಗೆ ಹಗೇವನ್ನೇ ತೆಗೆಯಬೇಕು. ಬರಿ ಜೋಳದ ರೊಟ್ಟಿಯಿಂದ ಅದು ತುಂಬುವುದು ಕಷ್ಟ. ಜೋಳದಲ್ಲಿ ಕಬ್ಬಿಣ ಇದ್ದರೂ ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ಅದನ್ನು ಹಿಡಿದುಕೊಳ್ಳುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಇನ್ನೂ ಕಡಿಮೆ ಸೇರುತ್ತದೆ. ಊಟದ ಜೊತೆ ಲಿಂಬೆ ಹಿಂಡಿಕೊಂಡರೆ ಸ್ವಲ್ಪ ಜಾಸ್ತಿ ಸೇರುತ್ತದೆ. ಇಷ್ಟನ್ನು ಹಗೇವಿನ ಮಾತಿನಲ್ಲಿ ಹೇಳಿದ ಮೇಲೆ ಜನ ತೋಳು ಚಾಚಿದರು. ಆ ಪಿಎಚ್‌ಡಿ ಪುಸ್ತಕದಲ್ಲಿ ಹಗೇವು ಅನ್ನುವ ಪದ ಎಲ್ಲೂ ಇಲ್ಲ. ಆಶಾ ಅಕ್ಕನ ಹೆಸರೂ ಇಲ್ಲ. 'ಆಶಾ ಕಾರ್ಯಕರ್ತೆಯರ ಸಹಕಾರಕ್ಕೆ' ಅಂತ ಕೃತಜ್ಞತೆಯ ಪುಟದಲ್ಲಿ ಒಂದು ಸಾಲಿದೆ.

ತವರಿಗೆ ಹೋದವರು

ಮೂರು ತಿಂಗಳಾದ ಮೇಲೆ ಎರಡನೇ ಸಲ ಅದೇ ಮನೆಗಳಿಗೆ ಹೋಗಬೇಕಿತ್ತು. ಹೋದೆವು. ಅರ್ಧಕ್ಕರ್ಧ ಮನೆಯಲ್ಲಿ ಗರ್ಭಿಣಿಯರೇ ಇರಲಿಲ್ಲ. ಕುಬಸ, ಅಂದರೆ ಸೀಮಂತ, ಮುಗಿದಿತ್ತು, ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದರು. ಒಬ್ಬಳು ಹುನಗುಂದದ ಕಡೆ, ಒಬ್ಬಳು ಬಸವನ ಬಾಗೇವಾಡಿ, ಒಬ್ಬಳು ಜತ್. ತಾಂಡಾದಿಂದ ಎರಡು ಕುಟುಂಬ ಕಬ್ಬು ಕಡಿಯುವುದಕ್ಕೆ ಗುಳೆ ಹೋಗಿದ್ದವು. ಸಂಶೋಧನೆಯ ಭಾಷೆಯಲ್ಲಿ ಇವರೆಲ್ಲರಿಗೂ ಒಂದೇ ಹೆಸರು, ಫಾಲೋಅಪ್ ತಪ್ಪಿದವರು. ಟೇಬಲ್ಲಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಂಖ್ಯೆಯಾಗಿ ಕೂರುತ್ತಾರೆ. ಅವರು ಎಲ್ಲೂ ತಪ್ಪಿಸಿಕೊಂಡಿರಲಿಲ್ಲ. ಯಾರ ಮನೆ, ಯಾವ ಓಣಿ, ಯಾವ ಬಸ್ಸಿಗೆ ಹೋದಳು, ಎಲ್ಲ ಅತ್ತೆಯಂದಿರಿಗೆ ಗೊತ್ತಿತ್ತು. ನಮ್ಮ ಹತ್ತಿರ ಅಲ್ಲಿಗೆ ಹೋಗುವ ಪೆಟ್ರೋಲಿನ ದುಡ್ಡು ಇರಲಿಲ್ಲ. ನಮ್ಮ ಸೀಮೆಯಲ್ಲಿ ಗರ್ಭಿಣಿಯರ ಬಗ್ಗೆ ಯಾರೇ ಕೆಲಸ ಮಾಡಿದರೂ ಕುಬಸದ ತಿಂಗಳನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ತವರಿನ ಫೋನ್ ನಂಬರನ್ನು ಮೊದಲ ದಿನವೇ ಬರೆದುಕೊಳ್ಳಬೇಕು. ಇಷ್ಟು ಸಣ್ಣ ವಿಷಯ, ಎಂಎಸ್ಸಿಯಲ್ಲಿ ಕಲಿತ ಯಾವ ಸೂತ್ರಕ್ಕಿಂತಲೂ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಫೆರಿಟಿನ್ ಫಲಿತಾಂಶ ಲ್ಯಾಬಿನಿಂದ ಬಂದಾಗ ಏಳು ತಿಂಗಳಾಗಿತ್ತು. ಎಲ್ಲ ಮಾದರಿ ಒಟ್ಟಾಗಲಿ ಅಂತ ಕಾದು ಒಂದೇ ಸಲ ನೋಡುತ್ತಾರೆ, ಖರ್ಚು ಕಡಿಮೆಯಾಗುತ್ತದೆ. ಆ ಹಾಳೆ ನನ್ನ ಕೈಮೇಲೇ ಕಂಪ್ಯೂಟರಿಗೆ ಹೋಯಿತು. ಹೆಸರಿಲ್ಲ, ಬರಿ ಕೋಡ್ ನಂಬರ್. ಆದರೆ ಕೋಡು ಯಾರದು ಅಂತ ಹೇಳುವ ರಿಜಿಸ್ಟರ್ ನನ್ನ ಬೀರುವಿನಲ್ಲೇ ಇತ್ತು. ಆ ಅಂಗಳದ ಸೊಸೆಯ ಕೋಡ್ ನನಗೆ ನೆನಪಿತ್ತು. ನೋಡಿದೆ. 15ಕ್ಕಿಂತ ಕಡಿಮೆ ಇದ್ದರೆ ಹಗೇವು ಬರಿದಾಗಿದೆ ಅಂತ ಅರ್ಥ. ಅವಳದು 6. ನನ್ನ ಡೈರಿಯಲ್ಲಿ ಬರೆದುಕೊಂಡೆ. ಅಷ್ಟು ಹೊತ್ತಿಗೆ ಅವಳ ಹೆರಿಗೆ ಆಗಿಹೋಗಿತ್ತು. ಮೇಡಂಗೆ ಕೇಳಿದೆ, ಹೇಳಿ ಬರೋಣವಾ ಅಂತ. ಅವರು ಒಳ್ಳೆಯವರು. ಬೇಡ ಅನ್ನಲಿಲ್ಲ. "ಥೀಸಿಸ್ ಸಬ್ಮಿಟ್ ಆಗಲಿ, ಒಂದು ದಿನ ಎಲ್ಲರೂ ಹೋಗೋಣ" ಅಂದರು. ಥೀಸಿಸ್ ಸಬ್ಮಿಟ್ ಆಯಿತು. ಪೇಪರ್ ಕೂಡ ಬಂತು. ನನಗೆ ಕೆಲಸ ಸಿಕ್ಕಿತು. ಆ ಒಂದು ದಿನ ಬರಲಿಲ್ಲ. ಯಾರೂ ಮೋಸ ಮಾಡಲಿಲ್ಲ, ಯಾರೂ ಸುಳ್ಳು ಅಂಕಿ ಬರೆಯಲಿಲ್ಲ. ಹೇಳಿ ಬರುವುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಬಜೆಟ್ಟಿನಲ್ಲಿ ಸಿರಿಂಜಿಗೆ ಸಾಲಿತ್ತು, ಬೈಂಡಿಂಗಿಗೆ ಸಾಲಿತ್ತು, ತಿರುಗಿ ಹೋಗುವುದಕ್ಕೆ ಸಾಲಿರಲಿಲ್ಲ.

808 ಹೆಣ್ಣುಮಕ್ಕಳು

ಕ್ಲಾಸಿನಲ್ಲಿ ಸಂಶೋಧನೆ ಬಗ್ಗೆ ಪಾಠ ಬಂದಾಗ ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವುದನ್ನು ತಡೆಯುವ ಒಂದು ದೊಡ್ಡ ಪ್ರಯೋಗ ನಮ್ಮ ಪಕ್ಕದ ಜಿಲ್ಲೆಯಲ್ಲೇ ನಡೆದಿದೆ, ಯಾರಿಗಾದರೂ ಗೊತ್ತಾ? ಇದುವರೆಗೆ ಒಂದು ಕೈಯೂ ಎದ್ದಿಲ್ಲ. ಅಲ್ಲೇ ಹುಟ್ಟಿ ಬೆಳೆದ ಗೋಕಾಕ, ಸವದತ್ತಿ ಕಡೆಯ ಮಕ್ಕಳದೂ ಇಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಅಂದರೆ ಎಲ್ಲರಿಗೂ ವಾಕಿಂಗ್ ಹೋಗುವ ಜಾಗ. ಸಿಡುಬಿನ ಲಸಿಕೆ ಅಲ್ಲಿ ತಯಾರಾಗುತ್ತಿತ್ತು ಅನ್ನುವುದು ಹೆಸರಿನಲ್ಲಿ ಮಾತ್ರ ಉಳಿದಿದೆ. ಇದೂ ಹಾಗೆಯೇ ಮರೆತುಹೋಗಬಾರದು ಅಂತ ನನ್ನ ಆಸೆ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ಕುಗ್ಗದಿದ್ದರೆ ರಕ್ತ ನಿಲ್ಲುವುದಿಲ್ಲ. ತುಂಬು ಗರ್ಭದಲ್ಲಿ ಅಲ್ಲಿಗೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಹೆಣ್ಣುಮಗಳು ಇದನ್ನು ಎಷ್ಟು ಹೊತ್ತು ತಡೆಯಬಲ್ಲಳು? ಆಸ್ಪತ್ರೆಯಲ್ಲಿ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದ ಉಪಕೇಂದ್ರದಲ್ಲಿ, ಮನೆಯ ಪಡಸಾಲೆಯಲ್ಲಿ ನಡೆಯುವ ಹೆರಿಗೆಯಲ್ಲಿ ಏನು ಮಾಡುವುದು? ಮಿಸೊಪ್ರೊಸ್ಟಾಲ್ ಅನ್ನುವ ಗುಳಿಗೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದು ಕೆಲಸ ಮಾಡುತ್ತದಾ ಅಂತ ನೋಡುವುದಕ್ಕೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪ್ರಯೋಗ ಮಾಡಿದರು. 1,620 ಹೆಣ್ಣುಮಕ್ಕಳು ಸೇರಿದರು. ಹೆರಿಗೆ ಮಾಡಿಸಿ ಗುಳಿಗೆ ಕೊಟ್ಟವರು ನಾವು ನರ್ಸಬಾಯಿ ಅಂತ ಕರೆಯುತ್ತಿದ್ದ ಎಎನ್‌ಎಂ ಸಿಸ್ಟರ್‌ಗಳು. ಚೀಟಿ ಎತ್ತಿದ ಹಾಗೆ, 812 ಮಂದಿಗೆ 600 ಮೈಕ್ರೋಗ್ರಾಂ ಔಷಧಿ ಹೋಯಿತು, 808 ಮಂದಿಗೆ ನೋಡಲು ಹಾಗೆಯೇ ಇರುವ, ಆದರೆ ಒಳಗೆ ಔಷಧಿ ಇಲ್ಲದ ಗುಳಿಗೆ. ಕೊಡುವ ಸಿಸ್ಟರಿಗೂ ಯಾವುದು ಯಾವುದು ಅಂತ ಗೊತ್ತಿರಲಿಲ್ಲ.

2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವ ಆಗಿತ್ತು. ಔಷಧಿ ತೆಗೆದುಕೊಂಡವರಲ್ಲಿ 6.4. ತೀರಾ ಗಂಭೀರವಾದ ರಕ್ತಸ್ರಾವ ನೂರಕ್ಕೆ 1.2 ಇದ್ದದ್ದು 0.2ಕ್ಕೆ ಇಳಿದಿತ್ತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳಿಗೆ ರಕ್ತಸ್ರಾವ ತಪ್ಪುತ್ತದೆ. ಸ್ವಲ್ಪ ಹೊತ್ತು ಚಳಿ, ಜ್ವರ ಬರುತ್ತಿತ್ತು, ಹೋಗುತ್ತಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯುವ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ವಿಷಯ ನನಗೆ ಇದಕ್ಕಿಂತಲೂ ಇಷ್ಟ. ರಕ್ತ ಎಷ್ಟು ಹೋಯಿತು ಅಂತ ಅಳೆಯುವುದು ಹೇಗೆ? ಸೀರೆಗೆ ಹೀರಿಕೊಂಡಿರುತ್ತದೆ, ನೆಲಕ್ಕೆ ಇಳಿದಿರುತ್ತದೆ. ಕಣ್ಣಂದಾಜಿನಲ್ಲಿ ಹೇಳುವುದೇ ರೂಢಿಯಾಗಿತ್ತು. ಈ ಕೆಲಸಕ್ಕಾಗಿ ಅವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ಹೆರಿಗೆಯಾದ ತಾಯಿಯ ಕೆಳಗೆ ಹಾಸಿದರೆ ರಕ್ತ ಇಳಿದು ಕೆಳಗಿನ ಚೀಲಕ್ಕೆ ಸೇರುತ್ತದೆ. ಚೀಲದ ಮೇಲೆ ಎಂಎಲ್ ಗೆರೆಗಳಿವೆ. ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಇದನ್ನು ಕಣ್ಣಂದಾಜಿನ ಜೊತೆ ಹೋಲಿಸಿ ನೋಡಿದರು. ಕಣ್ಣು ಹೇಳಿದ್ದು ಚೀಲ ಹೇಳಿದ್ದಕ್ಕಿಂತ 33 ಪರ್ಸೆಂಟ್ ಕಡಿಮೆ ಇತ್ತು. ಅಂದರೆ ಎಷ್ಟು ತಾಯಂದಿರ ವಿಷಯದಲ್ಲಿ 'ಏನಾಗಿಲ್ಲ, ಇಷ್ಟು ಹೋಗೂದೇ' ಅಂತ ಸುಮ್ಮನಾಗಿರಬೇಕು, ಯೋಚಿಸಿ. ಇಂಥದೇ ಗೆರೆ ಹಾಕಿದ ಹಾಳೆಯನ್ನು ಬಳಸಿ, ರಕ್ತಸ್ರಾವವನ್ನು ಬೇಗ ಗುರುತಿಸಿ, ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಡುವ ಇ-ಮೋಟಿವ್ ಅನ್ನುವ ಪ್ರಯೋಗ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆಯಿತು. 2023ರಲ್ಲಿ ಫಲಿತಾಂಶ ಬಂತು. ಗಂಭೀರ ರಕ್ತಸ್ರಾವ ಮತ್ತು ಅದರಿಂದಾಗುವ ಸಾವುನೋವು 60 ಪರ್ಸೆಂಟ್ ಇಳಿದಿತ್ತು.

ನಾನು ಆ 808 ಮಂದಿಯ ಬಗ್ಗೆ ಬಹಳ ಯೋಚಿಸುತ್ತೇನೆ. ಔಷಧಿ ಸಿಕ್ಕವರಿಗೆ ಒಂದಿಷ್ಟು ಲಾಭ ಆಯಿತು. ಈ 808 ಮಂದಿ ನುಂಗಿದ್ದು ಬರಿ ಗುಳಿಗೆ. ಅವರು ಒಪ್ಪದೆ ಇದ್ದಿದ್ದರೆ 6.4 ಅನ್ನುವ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ. ಅವರ 12ರ ಪಕ್ಕ ಇಟ್ಟಾಗಲೇ ಅದು ಕಡಿಮೆ ಅಂತ ಕಾಣುವುದು. ಇವತ್ತು ಯಾವುದೋ ದೇಶದ ಹಳ್ಳಿಯಲ್ಲಿ ಒಬ್ಬ ಬಾಣಂತಿ ಬದುಕಿದರೆ ಅದರಲ್ಲಿ ಬೆಳಗಾವಿಯ ಹಳ್ಳಿಯ ಒಬ್ಬ ಹೆಣ್ಣುಮಗಳ ಪಾಲಿದೆ. ಆಕೆಗೆ ಈಗ ನಲವತ್ತು, ನಲವತ್ತೈದು ಆಗಿರಬಹುದು. ಆಕೆಯ ಮಗಳು ನನ್ನ ಕ್ಲಾಸಿನಲ್ಲೇ ಕುಳಿತಿರಬಹುದು. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನ್ನ ದನಿ ಸ್ವಲ್ಪ ನಡುಗುತ್ತದೆ, ಪ್ರತಿ ವರ್ಷ.

ಒಂದು ಹಾಳೆ

ಹೇಳಬೇಕು ಅನ್ನುವುದು ನನ್ನೊಬ್ಬಳ ಭಾವನೆಯೇನೂ ಅಲ್ಲ. ವೈದ್ಯಕೀಯ ಸಂಶೋಧನೆಗೆ ಜಗತ್ತೇ ಒಪ್ಪಿಕೊಂಡ ಹೆಲ್ಸಿಂಕಿ ಘೋಷಣೆ 1964ರಿಂದ ಇದೆ. ಅಧ್ಯಯನದ ಫಲಿತಾಂಶ ತಿಳಿಯುವ ಅವಕಾಶ ಅದರಲ್ಲಿ ಸೇರಿದ ಎಲ್ಲರಿಗೂ ಇರಬೇಕು ಅಂತ 2013ರ ಪರಿಷ್ಕರಣೆಯಲ್ಲಿ ಸ್ಪಷ್ಟವಾಗಿ ಇದೆ. ಎಥಿಕ್ಸ್ ಕಮಿಟಿಗಳಲ್ಲಿ ನಾನೂ ಕುಳಿತಿದ್ದೇನೆ. ರಕ್ತ ತೆಗೆಯುವಾಗ ನೋವಾಗುತ್ತದಾ, ಫಾರ್ಮ್ ಕನ್ನಡದಲ್ಲಿದೆಯಾ ಅಂತ ಕೇಳುತ್ತೇವೆ. ಮುಗಿದ ಮೇಲೆ ಯಾವತ್ತು ಹೋಗಿ ಹೇಳುತ್ತೀರಿ ಅಂತ ಕೇಳಿದ್ದು ನನಗೆ ನೆನಪಿಲ್ಲ. ಈಗ ನಾನು ಕೇಳುತ್ತೇನೆ.

ಸಹೋದ್ಯೋಗಿಗಳು ಕೆಲವು ಅನುಮಾನ ಹೇಳುತ್ತಾರೆ. ಅವು ಸುಳ್ಳಲ್ಲ. ಅಂಕಿ ಹೇಳಿ ಬಂದರೆ ಹೆದರಿಕೊಳ್ಳುತ್ತಾರೆ, ಚಿಕಿತ್ಸೆಯ ದಾರಿ ತೋರಿಸದೆ ಅಂಕಿ ಹೇಳುವುದು ಸರಿಯಾ? ಒಬ್ಬ ಸೊಸೆಯ ವಿಷಯ ಓಣಿಗೆಲ್ಲ ಗೊತ್ತಾದರೆ? ಸಂಶೋಧನೆ ಏನೂ ಕಂಡುಹಿಡಿಯದೆ ಮುಗಿದರೆ ಏನಂತ ಹೇಳುವುದು? ಕೊನೆಯದಕ್ಕೆ ನನ್ನ ಉತ್ತರ ಸುಲಭ. ಏನೂ ಸಿಗಲಿಲ್ಲ ಅಂತ ಹೇಳುವುದು. ಹೊಲದಲ್ಲಿ ಬಾವಿ ತೋಡಿಸಿ ನೀರು ಬೀಳದೆ ಇರುವುದನ್ನು ಕಂಡ ಜನ ಅವರು, ಅರ್ಥವಾಗುತ್ತದೆ. ಮೊದಲಿನ ಎರಡಕ್ಕೆ ತಾಳ್ಮೆ ಬೇಕು. ಒಬ್ಬೊಬ್ಬರ ಅಂಕಿಯನ್ನು ಅವರವರಿಗೇ ಹೇಳಬೇಕು. ಎಲ್ಲರದನ್ನೂ ಸೇರಿಸಿದ ಮಾತನ್ನು ಕಟ್ಟೆಯ ಮೇಲೆ ಹೇಳಬಹುದು. ಜೊತೆಗೆ ಆರೋಗ್ಯ ಕೇಂದ್ರದ ಸಿಸ್ಟರ್ ಇರಬೇಕು. ಇಷ್ಟಕ್ಕೆ ಒಂದು ಹಾಳೆ ಕನ್ನಡ ಮತ್ತು ಒಂದು ಮಧ್ಯಾಹ್ನ ಸಾಕು.

ನನ್ನ ವಿದ್ಯಾರ್ಥಿನಿ ಮಾರ್ಚಿನ ಕೊನೆಯ ವಾರ ಆ ಹಾಳೆ ಬರೆದಳು. ನಾಲ್ಕು ಸಲ ತಿದ್ದಿಸಿದೆ. ಮೊದಲ ಸಲ 'ಪ್ರತಿಸ್ಪಂದಕರು' ಅಂತ ಬರೆದಿದ್ದಳು. "ಯಾರವರು?" ಅಂದೆ. "ನಮ್ಮ ಹಾಸ್ಟೆಲ್ ಹುಡುಗೀರು ಮೇಡಂ." "ಹಾಗಾದರೆ ಹಾಗೇ ಬರಿ." ಹಾಸ್ಟೆಲಿನ ಊಟದ ಹಾಲಿನಲ್ಲಿ ಓದಿ ಹೇಳಿದಳು. ಮರುದಿನದಿಂದ ಚಹಾದ ಹೊತ್ತನ್ನು ಊಟದಿಂದ ಒಂದು ಗಂಟೆ ದೂರ ಸರಿಸಿ ಅಂತ ಹುಡುಗಿಯರೇ ಅಡುಗೆಯವರಿಗೆ ಕೇಳಿಕೊಂಡರು.

ಮತ್ತೆ ಅದೇ ಅಂಗಳ

ಅವಳಿಗೆ ಹೇಳಿಕೊಟ್ಟು ನಾನು ಸುಮ್ಮನೆ ಇರುವುದು ಆಗಲಿಲ್ಲ. ಹಳೆಯ ಡೈರಿ ತೆಗೆದೆ. ಈಗ ನಿವೃತ್ತರಾಗಿರುವ ಮೇಡಂಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋಗಿ ಹೇಳಿ ಬಾರಮ್ಮ. ಅದು ಅವರದೇ" ಅಂದರು. ಆಶಾ ಅಕ್ಕನ ನಂಬರ್ ಅದೇ ಇತ್ತು. ಏಪ್ರಿಲಿನ ಒಂದು ಭಾನುವಾರ ಬೀಳಗಿ ಬಸ್ ಹತ್ತಿದೆ.

ಬೇವಿನ ಗಿಡಗಳು ದೊಡ್ಡವಾಗಿದ್ದವು, ಓಣಿಯ ತುಂಬ ನೆರಳು. ಆಯಿ ಇದ್ದಳು. ಬೆನ್ನು ಬಾಗಿತ್ತು, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆಶಾ ಅಕ್ಕ ನಾನು ಯಾರು ಅಂತ ಹೇಳಿದಳು. ಆಯಿ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದಳು. ರೇಷನ್ ಕಾರ್ಡು, ಮನೆಯ ಹಕ್ಕುಪತ್ರ, ತಾಯಿ ಕಾರ್ಡು, ಅವುಗಳ ನಡುವೆ ನಾಲ್ಕು ಮಡಿಕೆಯಾಗಿ ನಮ್ಮ ಕನ್ಸೆಂಟ್ ಫಾರ್ಮಿನ ಪ್ರತಿ. ಮಡಿಕೆಯಲ್ಲಿ ಕಾಗದ ಹರಿದಿತ್ತು. ಹೆಬ್ಬೆಟ್ಟಿನ ನೇರಳೆ ಮಸಿ ಮಸುಕಾಗಿದ್ದರೂ ಗೆರೆಗಳು ಕಾಣುತ್ತಿದ್ದವು. "ಹೆಬ್ಬೆಟ್ಟು ಒತ್ತಿದ ಕಾಗದ, ಒಗಿಬಾರದು ಅಂತ ಇಟ್ಟೀನಿ" ಅಂದಳು. "ಹೇಳು, ಏನಾತು?"

"ಆಯಿ, ಅದನ್ನ ನಿಮ್ಮ ಸೊಸೆಗೇ ಹೇಳಬೇಕು" ಅಂದೆ.

"ಹೂಂ, ಅಕಿ ರಕ್ತ. ಅಕಿಗೇ ಹೇಳು" ಅಂತ ಹೇಳಿ ಒಂದು ಮಗುವನ್ನು ಹೊಲಕ್ಕೆ ಓಡಿಸಿದಳು.

ಸೊಸೆ ಬರುವುದಕ್ಕೆ ಅರ್ಧ ಗಂಟೆ ಆಯಿತು. ಜೊತೆಗೆ ಮಗಳು. ಅವತ್ತು ಹೊಟ್ಟೆಯಲ್ಲಿದ್ದವಳು, ಈಗ ಆರನೇ ತರಗತಿ ಮುಗಿಸಿದ್ದಾಳೆ. ಒಳಗಿನ ಕೋಣೆಯಲ್ಲಿ ಕೂತು ಹೇಳಿದೆ. ಆಗ ನಿನ್ನ ಹಗೇವು ಬರಿದಾಗಿತ್ತು ತಂಗಿ, 15 ಇರಬೇಕಾದಲ್ಲಿ 6 ಇತ್ತು, ನಮಗೆ ಗೊತ್ತಾದಾಗ ನಿನ್ನ ಹೆರಿಗೆ ಆಗಿತ್ತು, ನಾವು ಬಂದು ಹೇಳಲಿಲ್ಲ, ತಪ್ಪಾಯಿತು. ಅವಳು ಸಿಟ್ಟಾಗಲಿಲ್ಲ. ಬಾಣಂತನದಲ್ಲಿ ಎದ್ದು ನಿಂತರೆ ತಲೆ ಗಿರ್ರ್ ಅನ್ನುತ್ತಿದ್ದದ್ದು, ಎದೆ ಹಾರುತ್ತಿದ್ದದ್ದು, ಎಲ್ಲರೂ 'ಬಾಣಂತಿಗೆ ಹಂಗ ಆಗೂದು' ಅಂದದ್ದು, ಒಂದೊಂದಾಗಿ ಹೇಳಿದಳು. ಕೆಂಪು ಗುಳಗಿ ತಿಂದರೆ ಹೊಟ್ಟೆ ತೊಳೆಸುತ್ತಿತ್ತು ಅಂತ ಬಿಟ್ಟಿದ್ದಳಂತೆ. "ಆಗ ಗೊತ್ತಿದ್ರ ಹ್ಯಾಂಗರ ಮಾಡಿ ತಿಂತಿದ್ದೆ ಅಕ್ಕಾರ" ಅಂದಳು. ಆಮೇಲೆ ಕೇಳಿದಳು, "ಅದು ಆಗಿನ ಮಾತಾತು. ಈಗ ಎಷ್ಟೈತಿ?"

ನಾನು ಮಷೀನ್ ತಂದಿರಲಿಲ್ಲ. ಮಗಳು ನಡುವೆ ಬಾಯಿ ಹಾಕಿ, "ನಮಗ ಸಾಲ್ಯಾಗ ವಾರಕ್ಕೊಮ್ಮೆ ನೀಲಿ ಗುಳಗಿ ಕೊಡ್ತಾರ, ಅದು ಇದಕ್ಕ ಏನ್ರೀ?" ಅಂದಳು. ಹೌದು, ಇದಕ್ಕೇ ಅಂದೆ. ಮರುದಿನ ತಾಯಿ, ಮಗಳು ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಬಂದು ರಕ್ತ ತೋರಿಸುವುದು ಅಂತ ಆಶಾ ಅಕ್ಕನ ಜೊತೆ ಮಾತಾಯಿತು.

ಹೊರಡುವಾಗ ಸೊಸೆ ಆ ಹಳೆಯ ಫಾರ್ಮನ್ನು ನನ್ನ ಮುಂದೆ ಹಿಡಿದಳು. ಹೇಳಿದ್ದನ್ನು ಇದರ ಹಿಂದೆಯೇ ಬರೆದುಕೊಡಿ ಅಂದಳು. ಖಾಲಿ ಬೆನ್ನಿನ ಮೇಲೆ ಬರೆದೆ. ಆಗಿನ ತಾರೀಖು, ಹಿಮೋಗ್ಲೋಬಿನ್ 9.4, ಫೆರಿಟಿನ್ 6. ಅದರ ಕೆಳಗೆ ಇವತ್ತಿನ ತಾರೀಖು ಹಾಕಿ, ಬಂದು ಹೇಳಿದೆ ಅಂತ ಬರೆದು ಸಹಿ ಮಾಡಿದೆ. ಆಯಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. "ಕೆಳಗ ಒಂದೀಟು ಜಾಗ ಐತಲ್ಲ? ನಾಳಿಗಿಂದೂ ಬರಿಬೇಕು" ಅಂತ ಹೇಳಿ, ಮೊದಲಿನ ಮಡಿಕೆಯಲ್ಲೇ ಮಡಿಸಿ ಕವರಿನೊಳಗೆ ಇಟ್ಟಳು.